ಶ್ರವಣ ಸಾಧನಕ್ಕೆ ಜೊತೆಯಾಗಿ ಒಂದು ನಿಸ್ತಂತು ಮೈಕು

ಬಾಗಲಕೋಟೆಯ ನವನಗರದ ನಮ್ಮ ಶ್ರವಣ ತಪಾಸಣೆಯ ಕೊಠಡಿಗೆ ಬರುವವರಲ್ಲಿ, ಆಗಲೇ ಶ್ರವಣ ಸಾಧನ ಹಾಕಿಕೊಂಡಿರುವವರ ದೂರು ಬಹುಮಟ್ಟಿಗೆ ಒಂದೇ ಬಗೆಯದು: "ಸಪ್ಪಳ ಕೇಳಸ್ತೈತ್ರಿ, ಮಾತ ತಿಳಿಯಂಗಿಲ್ರಿ." ಎದುರಿಗೆ ಕುಳಿತು ಮಾತಾಡಿದರೆ ಅವರಿಗೆ ಎಲ್ಲವೂ ತಿಳಿಯುತ್ತದೆ, ಮದುವೆಯ ಪಂಕ್ತಿಯಲ್ಲಿ, ಗ್ರಾಮಸಭೆಯಲ್ಲಿ, ಶಾಲೆಯ ಕೊನೆಯ ಬೆಂಚಿನಲ್ಲಿ ತಿಳಿಯುವುದಿಲ್ಲ. ಆಗ ಮನೆಯವರು ಇನ್ನೂ ಹೆಚ್ಚಿನ ಬೆಲೆಯ ಸಾಧನ ಕೊಡಿಸಲು ಮುಂದಾಗುತ್ತಾರೆ. ಈಗಿರುವ ಸಾಧನ ಅವರ ಶ್ರವಣದೋಷಕ್ಕೆ ಸರಿಯಾಗಿ ಹೊಂದಿದೆಯೆಂದು ಪರೀಕ್ಷೆಯಲ್ಲಿ ಖಚಿತವಾದ ಮೇಲೆ ನಾನು ಕೊಡುವ ಸಲಹೆ ಬೇರೆ. ಆ ಹಣವನ್ನು ಕೇಳುವವರ ಕಿವಿಗೆ ಹಾಕುವುದಕ್ಕಿಂತ ಮಾತಾಡುವವರ ಬಾಯಿಯ ಬಳಿ ಹಾಕಿರಿ, ಅಂದರೆ ಒಂದು ನಿಸ್ತಂತು ಮೈಕು ಕೊಳ್ಳಿರಿ ಎನ್ನುತ್ತೇನೆ.

ಶ್ರವಣ ಸಾಧನದ ಮೈಕು ಇರುವುದು ಕೇಳುವವರ ಕಿವಿಯ ಮೇಲೆ, ಮಾತು ಹುಟ್ಟುವುದು ದೂರದಲ್ಲಿ. ತೆರೆದ ಬಯಲಿನಲ್ಲಿ ಈ ಅಂತರ ಇಮ್ಮಡಿಯಾದಾಗಲೆಲ್ಲ ದನಿಯ ಮಟ್ಟ 6 ಡೆಸಿಬಲ್ ಇಳಿಯುತ್ತದೆ. ಒಂದು ಮೀಟರ್ ದೂರದಲ್ಲಿ ಮಾತು 60 ಡೆಸಿಬಲ್ ಇದೆಯೆಂದು ಇಟ್ಟುಕೊಂಡರೆ ನಾಲ್ಕು ಮೀಟರ್ ದೂರದಲ್ಲಿ ಅದು 48ಕ್ಕೆ ಇಳಿಯುತ್ತದೆ. ಅದೇ ಮಾತು ಬಾಯಿಂದ 15 ಸೆಂಟಿಮೀಟರ್ ಅಂತರದಲ್ಲಿ ಸುಮಾರು 76 ಡೆಸಿಬಲ್ ಇರುತ್ತದೆ. ಫ್ಯಾನಿನ ಸದ್ದು, ಬೆಂಚಿನ ಎಳೆದಾಟ, ಪಕ್ಕದ ಕೋಣೆಯ ಮಗ್ಗಿ, ರಸ್ತೆಯಲ್ಲಿ ಹೋಗುವ ಕಬ್ಬಿನ ಟ್ರ್ಯಾಕ್ಟರು ಎಲ್ಲ ಸೇರಿ ತರಗತಿಯಲ್ಲಿ 55 ಡೆಸಿಬಲ್ ಗದ್ದಲವಿದ್ದರೆ, ಹಿಂದೆ ಕುಳಿತ ಮಗುವಿನ ಕಿವಿಗೆ ಶಿಕ್ಷಕಿಯ ಮಾತು ಗದ್ದಲಕ್ಕಿಂತ 7 ಡೆಸಿಬಲ್ ಕೆಳಗಿನ ಮಟ್ಟದಲ್ಲಿ ಬರುತ್ತದೆ, ಸಾಧನವು ಎರಡನ್ನೂ ಒಟ್ಟಿಗೇ ಹಿಗ್ಗಿಸುತ್ತದೆ. ಕಲಿಯುವ ಮಗುವಿಗೆ ಮಾತು ಗದ್ದಲಕ್ಕಿಂತ ಕನಿಷ್ಠ 15 ಡೆಸಿಬಲ್ ಮೇಲಿರಬೇಕೆಂಬುದು ನಮ್ಮ ವೃತ್ತಿಯಲ್ಲಿ ಬಹುಕಾಲದಿಂದ ಒಪ್ಪಿಕೊಂಡು ಬಂದ ಗುರಿ. ನಾಲ್ಕು ಗೋಡೆಗಳ ನಡುವೆ ದನಿ ಬಯಲಿನಷ್ಟು ಇಳಿಯುವುದಿಲ್ಲ ಎನ್ನುವುದು ನಿಜ. ಆದರೆ ಕಲ್ಲುಹಾಸಿನ ನೆಲಕ್ಕೂ ತಗಡಿನ ಚಾವಣಿಗೂ ಬಡಿದು ಮರಳಿ ಬರುವ ದನಿ ಒಂದು ಅಕ್ಷರದ ಮೇಲೆ ಇನ್ನೊಂದನ್ನು ಹೇರಿ ವ್ಯಂಜನಗಳನ್ನು ಅಳಿಸಿಬಿಡುತ್ತದೆ. ಸಾಧನದೊಳಗಿನ ಗದ್ದಲ ತಗ್ಗಿಸುವ ವ್ಯವಸ್ಥೆ ಎಷ್ಟೇ ಉತ್ತಮವಾಗಿದ್ದರೂ ಅದರಿಂದ ದಕ್ಕುವ ಲಾಭ ಕೆಲವೇ ಡೆಸಿಬಲ್, ಅದೂ ಮಾತಾಡುವವರು ಹತ್ತಿರವಿದ್ದು ಎದುರಿಗಿದ್ದಾಗ.

ನಿಸ್ತಂತು ಮೈಕು, ಅಂದರೆ ಟ್ರಾನ್ಸ್‌ಮಿಟರ್, ಬೆರಳುದ್ದದ ಒಂದು ಪೆಟ್ಟಿಗೆ. ಮಾತಾಡುವವರು ಅದನ್ನು ಎದೆಯ ಮೇಲೆ ಸಿಕ್ಕಿಸಿಕೊಳ್ಳುತ್ತಾರೆ. ಅದು ಹಿಡಿದ ದನಿ ರೇಡಿಯೊ ಅಲೆಗಳ ಮೂಲಕ ನೇರವಾಗಿ ಸಾಧನಕ್ಕೆ ಸೇರುವುದರಿಂದ ನಡುವಿನ ದೂರ, ಗೋಡೆಗಳ ಮಾರ್ದನಿ, ಗದ್ದಲ ಯಾವುದೂ ಅಡ್ಡ ಬರುವುದಿಲ್ಲ. ಹಿಂದೆ ಇವೆಲ್ಲ ಎಫ್‌ಎಂ ಅಲೆಗಳ ಮೇಲೆ ನಡೆಯುತ್ತಿದ್ದವು. ಈಗಿನ ಬಹುತೇಕ ಮೈಕುಗಳು 2.4 ಗಿಗಾಹರ್ಟ್ಸ್‌ನ ಡಿಜಿಟಲ್ ಅಲೆಗಳನ್ನು ಬಳಸುತ್ತವೆ. 2013ರಲ್ಲಿ ಬಂದ ಫೋನಾಕ್ ಕಂಪನಿಯ ರೋಜರ್ ಈ ಪೈಕಿ ಶಾಲೆಗಳಲ್ಲಿ ಹೆಚ್ಚು ಪರಿಚಿತ. ಈ ಅಲೆಯನ್ನು ಮನುಷ್ಯನ ಮೈ ಹೀರಿಕೊಳ್ಳುತ್ತದೆಯಾದ್ದರಿಂದ ಮೈಕನ್ನು ಪ್ಯಾಂಟಿನ ಹಿಂದಿನ ಕಿಸೆಯಲ್ಲಿ ಇಟ್ಟುಕೊಂಡರೆ ದನಿ ನಡುನಡುವೆ ಕಡಿಯುತ್ತದೆ.

ಅಂಗವಿಕಲರಿಗೆ ಸಾಧನಗಳನ್ನು ಒದಗಿಸುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಡಿ ಸಾಧನ ಪಡೆದವರು, ಇದೆಲ್ಲ ನಮಗಲ್ಲ ಎಂದು ಮೊದಲೇ ಕೈಬಿಡುವುದನ್ನು ಕಾಣುತ್ತೇನೆ. ಹಾಗೆ ಬಿಡುವ ಮೊದಲು ಸಾಧನದಲ್ಲಿ ಟೆಲಿಕಾಯಿಲ್ ಇದೆಯೇ ಎಂದು ಕೇಳಿ ತಿಳಿಯಬೇಕು. ಕಿವಿಯ ಹಿಂದೆ ಹಾಕುವ ಅನೇಕ ಸಾಧನಗಳಲ್ಲಿ ಈ ಪುಟ್ಟ ತಂತಿಸುರುಳಿ ಇರುತ್ತದೆ, ಆದರೆ ಅದರ ಪ್ರೋಗ್ರಾಂ ತೆರೆದಿರುವುದಿಲ್ಲ. ಕಂಪ್ಯೂಟರಿಗೆ ಜೋಡಿಸಿ ಅದನ್ನು ತೆರೆಯುವುದು ಶ್ರವಣ ತಜ್ಞರಾದ ಆಡಿಯಾಲಜಿಸ್ಟರಿಗೆ ಕೆಲವು ನಿಮಿಷಗಳ ಕೆಲಸ. ಆಮೇಲೆ, ಮೈಕಿನ ದನಿಯನ್ನು ಕಾಂತಕ್ಷೇತ್ರವಾಗಿ ಮಾರ್ಪಡಿಸುವ, ಕೊರಳಿಗೆ ಹಾಕುವ ಲೂಪ್ ರಿಸೀವರ್ ಮೂಲಕ, ಟೆಲಿಕಾಯಿಲ್ ಇರುವ ಯಾವ ಕಂಪನಿಯ ಸಾಧನವಾದರೂ ಆ ದನಿಯನ್ನು ಹಿಡಿಯಬಲ್ಲದು. ಒಂದು ತೊಡಕಿದೆ. ಟೆಲಿಕಾಯಿಲ್ ಕಾಂತಕ್ಷೇತ್ರವನ್ನು ಹಿಡಿಯುವುದರಿಂದ ಇನ್ವರ್ಟರ್ ಅಥವಾ ಮೀಟರ್ ಬೋರ್ಡಿನ ಪಕ್ಕದಲ್ಲಿ ಕುಳಿತರೆ ಕಿವಿಯೊಳಗೆ ಗುಂಯ್ ಎನ್ನುವ ಸದ್ದು ನಿಲ್ಲುವುದಿಲ್ಲ. ಎರಡು ಹೆಜ್ಜೆ ಸರಿದು ಕುಳಿತರೆ ಸಾಮಾನ್ಯವಾಗಿ ಅದು ಹೋಗುತ್ತದೆ; ಸಾಧನ ಕೆಟ್ಟಿದೆಯೆಂದು ಪೆಟ್ಟಿಗೆಗೆ ಸೇರಿಸಬೇಕಾಗಿಲ್ಲ.

ಇನ್ನು ಮೈಕನ್ನು ಹಾಕಿಕೊಳ್ಳುವ ಬಗೆ. ಸಾಮಾನ್ಯವಾಗಿ ಬಳಕೆ ಕೆಡುವುದು ಇಲ್ಲಿಯೇ ಆದ್ದರಿಂದ ನಾನು ಶಾಲೆಗೆ ಹೋದಾಗ ಹೆಚ್ಚು ಸಮಯವನ್ನು ಇದಕ್ಕೇ ಕೊಡುತ್ತೇನೆ. ಮೈಕು ಬಾಯಿಂದ 15 ಸೆಂಟಿಮೀಟರ್, ಎಂದರೆ ಒಂದು ಗೇಣಿಗೂ ಕಡಿಮೆ ಅಂತರದಲ್ಲಿ, ಎದೆಯ ಮೇಲ್ಭಾಗದ ನಡುವೆ, ತುದಿ ಮೇಲ್ಮುಖವಾಗಿ ಇರಬೇಕು. ಸೀರೆ ಉಟ್ಟ ಶಿಕ್ಷಕಿಯರು ಅದನ್ನು ಎಡಭುಜದ ಪಿನ್ನಿನ ಹತ್ತಿರ ಸಿಕ್ಕಿಸಿಕೊಳ್ಳುವುದು ಸಹಜ. ಆದರೆ ಅವರು ಬಲಕ್ಕೆ ತಿರುಗಿ ಬೋರ್ಡಿನ ಮೇಲೆ ಬರೆಯತೊಡಗಿದ ಕೂಡಲೇ ಬಾಯಿ ಮೈಕಿನಿಂದ ದೂರವಾಗುತ್ತದೆ, ಸೆರಗಿನ ಅಂಚು ಮೈಕಿನ ರಂಧ್ರಕ್ಕೆ ಉಜ್ಜಿ ಮಗುವಿನ ಕಿವಿಯಲ್ಲಿ ಪರಪರ ಸದ್ದು ಎಬ್ಬಿಸುತ್ತದೆ, ತಾಳಿಯ ಗುಂಡು ತಾಗಿದರೆ ಟಕ್ಕೆಂಬ ಪೆಟ್ಟು ಕೇಳಿಸುತ್ತದೆ. ಮೈಕನ್ನು ಕೊರಳಪಟ್ಟಿಗೆ ತೂಗುಹಾಕಿ, ಪಟ್ಟಿಯನ್ನು ಗಿಡ್ಡ ಮಾಡಿ, ಅದು ತಾಳಿಸರಕ್ಕಿಂತ ಮೇಲೆ ನಿಲ್ಲುವಂತೆ ಹಾಕಿಕೊಂಡರೆ ಈ ಮೂರೂ ತೊಂದರೆ ತಪ್ಪುತ್ತವೆ. ಮಗುವಿನ ಕಿವಿಗೆ ಹೋಗುವ ದನಿಯನ್ನು ಶಿಕ್ಷಕಿಯರಿಗೆ ಒಮ್ಮೆ ಸ್ಟೆಥೋಕ್ಲಿಪ್‌ನಿಂದ (ಸಾಧನದ ದನಿಯನ್ನು ಕೇಳಿ ನೋಡಲು ಬಳಸುವ, ಸ್ಟೆತೊಸ್ಕೋಪಿನಂಥ ಕೊಳವೆ) ಕೇಳಿಸುವುದು ಯಾವ ಉಪನ್ಯಾಸಕ್ಕಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹಾಗೆ ಕೇಳಿದ ಒಬ್ಬ ಶಿಕ್ಷಕಿ, "ಅಯ್ಯ, ನನ್ನ ಸೆರಗ ಇಷ್ಟ ಸಪ್ಪಳ ಮಾಡ್ತದೇನ್ರಿ!" ಎಂದು ಆಗಿಂದಾಗಲೇ ಪಟ್ಟಿಯನ್ನು ಗಿಡ್ಡ ಮಾಡಿಕೊಂಡರು.

ಮೈಕಿನ ಮ್ಯೂಟ್ ಗುಂಡಿಯ ಬಳಕೆಯೂ ಅಷ್ಟೇ ಮುಖ್ಯ. ಶಿಕ್ಷಕಿ ಕಚೇರಿಗೆ ಹೋದಾಗ, ಇನ್ನೊಂದು ಗುಂಪಿನ ಮಕ್ಕಳ ಲೆಕ್ಕ ನೋಡುವಾಗ ಮೈಕು ತೆರೆದೇ ಇದ್ದರೆ, ತನಗೆ ಸಂಬಂಧವಿಲ್ಲದ ಮಾತು ಮಗುವಿನ ಕಿವಿಯೊಳಗೆ ಬಂದು ಬೀಳುತ್ತಲೇ ಇರುತ್ತದೆ. ಹಾಗೆಯೇ ಸಹಪಾಠಿಗಳು ಹೇಳುವ ಉತ್ತರ ಮೈಕಿಗೆ ಬರುವುದಿಲ್ಲವಾದ್ದರಿಂದ ಒಂದೋ ಮೈಕು ಕೈಯಿಂದ ಕೈಗೆ ಹೋಗಬೇಕು, ಇಲ್ಲವೇ ಶಿಕ್ಷಕಿ ಆ ಉತ್ತರವನ್ನು ತಾವೇ ಮತ್ತೊಮ್ಮೆ ಹೇಳಬೇಕು.

ಮೈಕು ಎಲ್ಲಿ ಕೆಲಸಕ್ಕೆ ಬರುವುದಿಲ್ಲ ಎಂಬುದನ್ನೂ ಈ ಜಿಲ್ಲೆಯಲ್ಲಿ ಹೇಳಲೇಬೇಕು. ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ವಿದ್ಯುತ್ ಮಗ್ಗ ಇರುವುದು ವಾಸದ ಮನೆಗೇ ಹೊಂದಿಕೊಂಡು, ಅದರ ಸದ್ದು 90 ಡೆಸಿಬಲ್ ದಾಟುತ್ತದೆ. ಮಗ್ಗದ ಮುಂದೆ ನಿಂತ ತಾಯಿ ಮೈಕು ಹಾಕಿಕೊಂಡು ಮಗುವನ್ನು ಕರೆದರೆ ಅವಳ ಮಾತಿಗಿಂತ ಮಗ್ಗದ ಸದ್ದೇ ಹೆಚ್ಚಾಗಿ ಮೈಕಿಗೆ ಬೀಳುತ್ತದೆ, ಏಕೆಂದರೆ ಒಂದು ಗೇಣಿನ ಅಂತರದಲ್ಲಿಯೂ ಮಾತು ಆ ಸದ್ದನ್ನು ಮೀರಲಾರದು. ಮೈಕು ದೂರವನ್ನು ಇಲ್ಲವಾಗಿಸುತ್ತದೆ. ಬಾಯಿಯ ಸುತ್ತಲೇ ಇರುವ ಸದ್ದನ್ನು ಇಲ್ಲವಾಗಿಸುವುದಿಲ್ಲ. "ಮಗ್ಗ ಬಂದ್ ಮಾಡಿದ್ರ ಹೊಟ್ಟಿ ನಡಿಯೂದ್ ಹೆಂಗ್ರಿ?" ಎಂದು ಒಬ್ಬ ತಾಯಿ ಕೇಳಿದ ಪ್ರಶ್ನೆ ನ್ಯಾಯವಾದದ್ದು. ನೂಲಿನ ಕಂಡಿಕೆ ಬದಲಿಸಲು ಮಗ್ಗ ನಿಲ್ಲಿಸಿದಾಗ ಮಗುವಿನೊಂದಿಗೆ ಮಾತಾಡುವುದು, ಮಗು ಓದಲು ಕೂರುವ ಜಾಗವನ್ನು ಮಗ್ಗದ ಕೋಣೆಯಿಂದ ಬೇರೆ ಮಾಡುವುದು, ಅಜ್ಜಿಯೋ ಅಕ್ಕನೋ ಅಲ್ಲಿ ಮೈಕು ಹಾಕಿಕೊಂಡು ಓದಿಸುವುದು, ಇಷ್ಟನ್ನು ಮಾತ್ರ ನಾನು ಪ್ರಾಮಾಣಿಕವಾಗಿ ಸೂಚಿಸಬಲ್ಲೆ.

ಹಿರಿಯರಿಗೆ ಈ ಮೈಕಿನ ಲಾಭ ಬಹುಬೇಗ ಗೊತ್ತಾಗುತ್ತದೆ. ಊಟದ ಹೊತ್ತಿಗೆ ಅದನ್ನು ನಡುವೆ ಇಟ್ಟರೆ ಸುತ್ತ ಕುಳಿತವರ ಮಾತು ಅಜ್ಜನಿಗೆ ತಲುಪುತ್ತದೆ, ಗುಂಪು ಚಿಕ್ಕದಿರಬೇಕು ಅಷ್ಟೆ. ಟಿವಿಗೆ ತಂತಿಯಿಂದ ಜೋಡಿಸಿದರೆ ಮನೆಯವರು ತಮಗೆ ಬೇಕಾದ ದನಿಯಲ್ಲಿ ನೋಡಬಹುದು. ವಿಡಿಯೊ ಮಾಡುವವರು ಬಳಸುವ ಅಗ್ಗದ ಕಾಲರ್ ಮೈಕನ್ನು ಫೋನಿಗೆ ಜೋಡಿಸಿ, ಫೋನಿನಿಂದ ಬ್ಲೂಟೂತ್ ಮೂಲಕ ಸಾಧನಕ್ಕೆ ಕಳಿಸಬಹುದಲ್ಲ ಎಂದು ತರುಣರು ಕೇಳುತ್ತಾರೆ. ಹಳೆಯ ಬಗೆಯ ಬ್ಲೂಟೂತಿನಲ್ಲಿ ದನಿ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೂ ಮೀರಿ ತಡವಾಗುವುದುಂಟು. ಶ್ರವಣದೋಷವಿರುವವರು ಮಾತಿನಲ್ಲಿ ಕೇಳದೆ ಹೋದದ್ದನ್ನು ತುಟಿ ನೋಡಿ ತುಂಬಿಕೊಳ್ಳುವುದರಿಂದ, ತುಟಿಗೂ ದನಿಗೂ ತಾಳ ತಪ್ಪಿದರೆ ಅನುಕೂಲಕ್ಕಿಂತ ಆಯಾಸವೇ ಹೆಚ್ಚು.

ಮೈಕು ನಡೆಯುವಾಗ ಸಾಧನದ ಸ್ವಂತ ಮೈಕನ್ನು ಪೂರ್ತಿ ಮುಚ್ಚಬೇಕೇ ಎಂಬುದು ಸನ್ನಿವೇಶಕ್ಕೆ ಬಿಟ್ಟದ್ದು. ಮಕ್ಕಳಿಗೆ ನಾನು ಎರಡನ್ನೂ ತೆರೆದಿಡುತ್ತೇನೆ, ಮೈಕಿನ ದನಿ ಸುಮಾರು 10 ಡೆಸಿಬಲ್ ಮೇಲಿರುವಂತೆ ಹೊಂದಿಸುತ್ತೇನೆ; ಇಲ್ಲದಿದ್ದರೆ ಮಗು ಪಕ್ಕದ ಗೆಳೆಯನ ಮಾತನ್ನೂ ತನ್ನ ದನಿಯನ್ನೂ ಕೇಳಲಾರದು. ರಸ್ತೆಯಲ್ಲಿ ನಡೆಯುವಾಗಲಂತೂ ಸ್ವಂತ ಮೈಕು ಮುಚ್ಚಲೇಬಾರದು. ದಿನವೂ ಬೆಳಿಗ್ಗೆ ಮನೆಯವರು ಮಗುವಿನ ಬೆನ್ನ ಹಿಂದೆ ನಿಂತು ಆ, ಈ, ಊ, ಮ್, ಶ್, ಸ್ ಎಂಬ ಆರು ಧ್ವನಿಗಳನ್ನು ಮೊದಲು ಸಾಧನ ಒಂದರಿಂದಲೇ, ಆಮೇಲೆ ದೂರ ಹೋಗಿ ಮೈಕಿನಿಂದ ಕೇಳಿಸಿ ಮರುನುಡಿಸಬೇಕು. ಹತ್ತಿರದಿಂದಲೇ ಸ್ ಕೇಳದಿದ್ದರೆ ಸಾಧನದ ಬ್ಯಾಟರಿ, ಕಿವಿಯೊಳಗೆ ಕೂರುವ ಕಿವಿಯಚ್ಚು, ಅದರ ಕೊಳವೆ ನೋಡಬೇಕು. ಮೈಕಿನಲ್ಲಿ ಮಾತ್ರ ಕೇಳದಿದ್ದರೆ ಚಾರ್ಜು ಮತ್ತು ಜೋಡಣೆ ನೋಡಬೇಕು.

ಈ ಮೈಕುಗಳ ಬೆಲೆ ಸಾವಿರಗಳಲ್ಲಿದೆ, ಮತ್ತು ಒಂದು ಕಂಪನಿಯ ಮೈಕು ಬಹುತೇಕ ಆ ಕಂಪನಿಯ ಸಾಧನದೊಂದಿಗೆ ಮಾತ್ರ ಮಾತಾಡುತ್ತದೆ. ಆದ್ದರಿಂದ ಸಾಧನ ಕೊಳ್ಳುವಾಗಲೇ, ಮುಂದೆ ಇದಕ್ಕೆ ಯಾವ ಮೈಕು ಹೊಂದುತ್ತದೆ, ಟೆಲಿಕಾಯಿಲ್ ಇದೆಯೇ, 2022ರಲ್ಲಿ ಘೋಷಣೆಯಾದ, ಒಂದೇ ದನಿಯನ್ನು ಅನೇಕ ಸಾಧನಗಳಿಗೆ ಒಮ್ಮೆಗೇ ಕಳಿಸುವ ಆರಾಕಾಸ್ಟ್ ಬ್ಲೂಟೂತ್ ಪ್ರಸಾರವನ್ನು ಹಿಡಿಯುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿಯೇ ಹಣ ಕೊಡಿರಿ. ಮೈಕನ್ನು ಕೊಳ್ಳುವ ಮೊದಲು ಕೆಲವು ದಿನ ಮನೆಗೋ ಶಾಲೆಗೋ ಒಯ್ದು ನೋಡಲು ಅವಕಾಶ ಕೇಳಿರಿ. ಶಾಂತವಾದ ಅಂಗಡಿಯಲ್ಲಿ ಅದರ ಲಾಭ ತಿಳಿಯುವುದಿಲ್ಲ. ಶಾಲೆಗೆ ಹೋಗುವ ಮಕ್ಕಳ ಪಾಲಕರು ಪ್ರತಿವರ್ಷ ಜೂನ್ ತಿಂಗಳಲ್ಲಿ ಹೊಸ ತರಗತಿಯ ಶಿಕ್ಷಕರನ್ನು ಮೊದಲ ವಾರವೇ ಕಂಡು, ಮೈಕು ಹಾಕಿಕೊಳ್ಳುವ ಜಾಗ, ಮ್ಯೂಟ್ ಗುಂಡಿ, ಚಾರ್ಜು ಮಾಡುವ ಹೊಣೆ ಯಾರದೆಂಬುದು, ಇವನ್ನು ಕೈಯಾರೆ ತೋರಿಸಿ ಬರಬೇಕು.