ಗೇಜ್: ನಂಬರ್ ಏರಿದರೆ ತಂತಿ ಇಳಿಯುತ್ತದೆ

‘ಜಾಸ್ತಿ ಗೇಜಿನ ವೈರ್ ಕೊಡಿ.’

ಬಳ್ಳಾರಿಯ ಬೆಂಗಳೂರು ರಸ್ತೆಯ ಅಂಗಡಿಗಳಲ್ಲಿ ಈ ಮಾತು ನನ್ನ ಕಿವಿಗೆ ಬಿದ್ದದ್ದು ಈ ತಿಂಗಳಲ್ಲೇ ಮೂರನೇ ಸಲ. ಈ ಸಲ ಕೇಳಿದವರು ನಮ್ಮ ಬೀದಿಯ ಹಿರಿಯರು. ಮನೆಗೆ ಬಟ್ಟೆ ಒಣಗಿಸುವ ಡ್ರೈಯರ್ ತಂದಿದ್ದಾರೆ. ಅಮೆರಿಕದಲ್ಲಿರುವ ಅಳಿಯ ಫೋನಿನಲ್ಲಿ ‘ಮಾವಾ, ಡ್ರೈಯರಿಗೆ 10 ಗೇಜ್ ವೈರೇ ಹಾಕಿಸಿ’ ಅಂದಿದ್ದಾನಂತೆ. ಅಂಗಡಿಯ ಹುಡುಗ ‘10 ಇಲ್ಲ ಸಾರ್, 18, 20, 22 ಐತಿ’ ಅಂದ. ‘ಹಂಗಾದ್ರೆ 22 ಕೊಡಪ್ಪ, ಜಾಸ್ತೀನೇ ಇರ್ಲಿ’ ಅಂದರು ಇವರು. ಹುಡುಗ ಲೈಟಿಗೆ ಹಾಕುವ ಕಾಯಿಲ್ ಒಂದನ್ನು ತೆಗೆದು ಕೌಂಟರ್ ಮೇಲಿಟ್ಟ. ನಾನು ನಡುವೆ ಬಾಯಿ ಹಾಕಬೇಕಾಯಿತು.

ಬಳ್ಳಾರಿಯ ಬಿಸಿಲಿಗೆ ಡ್ರೈಯರ್ ಯಾಕೆ ಅಂತ ನಗಬೇಡಿ. ಬಿಸಿಲೇನೋ ಪುಕ್ಕಟೆ. ಆದರೆ ಅದಿರಿನ ಲಾರಿ ಓಡಾಡುವ ರಸ್ತೆಯ ಪಕ್ಕದ ಮನೆಯವರನ್ನು ಕೇಳಿ, ಬಿಳಿ ಪಂಚೆ ತಂತಿಯ ಮೇಲೆ ಒಣಗುವಷ್ಟರಲ್ಲಿ ಯಾವ ಬಣ್ಣಕ್ಕೆ ತಿರುಗುತ್ತದೆ ಅಂತ.

ಗೇಜ್ ಅಂದರೆ ದಪ್ಪ ಅಲ್ಲ. ಸಿಟ್ಟು ಬರುವುದು ಇಲ್ಲೇ. ಮೂಲದಲ್ಲಿ ಇದು ಹಳೆಯ ಫ್ರೆಂಚ್ ಪದ, ಅಳತೆಗೋಲು ಅಂತ ಅರ್ಥ. ಇಂಗ್ಲಿಷಿಗೆ ಬಂದು, ಅಲ್ಲಿಂದ ರೈಲಿಗೆ, ಗಾಳಿ ಹಾಕುವ ಮೀಟರಿಗೆ, ತಗಡಿಗೆ, ತಂತಿಗೆ ಎಲ್ಲಕ್ಕೂ ಅಂಟಿಕೊಂಡಿತು. ನಮ್ಮ ಕಡೆ ಹಳಬರಿಗೆ ಈ ಪದ ರೈಲಿನಿಂದಲೇ ಗೊತ್ತು. ಗುಂತಕಲ್–ಹುಬ್ಬಳ್ಳಿ ಲೈನು ಮೀಟರ್ ಗೇಜ್ ಇತ್ತು, ಆಮೇಲೆ ಬ್ರಾಡ್ ಗೇಜ್ ಆಯಿತು. ಗೇಜ್ ದೊಡ್ಡದಾದರೆ ಹಳಿಗಳ ನಡುವಿನ ಅಗಲ ದೊಡ್ಡದು. ಸಿರುಗುಪ್ಪದ ಕಡೆ ಭತ್ತ ಮುಚ್ಚುವ ಪ್ಲಾಸ್ಟಿಕ್ ಹಾಳೆಯಲ್ಲೂ ಹಾಗೇ. 200 ಗೇಜ್ ಅಂದರೆ 50 ಮೈಕ್ರಾನ್, 400 ಅಂದರೆ 100. ನಂಬರ್ ಏರಿದಂತೆ ಹಾಳೆ ದಪ್ಪ. ಹಿರಿಯರ ತಲೆಯಲ್ಲಿ ಇದ್ದದ್ದು ಈ ಲೆಕ್ಕ. ಅದರಲ್ಲಿ ಅವರ ತಪ್ಪೇನೂ ಇಲ್ಲ.

ತಂತಿಯಲ್ಲಿ ಮಾತ್ರ ಲೆಕ್ಕ ತಲೆಕೆಳಗು. ಯಾಕೆ ಅಂತ ತಿಳಿಯಬೇಕಾದರೆ ಅಕ್ಕಸಾಲಿಗರ ಅಂಗಡಿಯಲ್ಲಿ ಹತ್ತು ನಿಮಿಷ ಕೂರಬೇಕು. ಸಾಲಾಗಿ ತೂತುಗಳಿರುವ ಒಂದು ಉಕ್ಕಿನ ಪಟ್ಟಿ. ಒಂದು ತೂತಿಗಿಂತ ಮುಂದಿನದು ಕೂದಲೆಳೆಯಷ್ಟು ಸಣ್ಣದು. ಬೆಳ್ಳಿಯ ಕಡ್ಡಿಯ ತುದಿ ಚೂಪು ಮಾಡಿ, ಮೊದಲ ತೂತಿಗೆ ತೂರಿಸಿ, ಆ ಕಡೆಯಿಂದ ಇಕ್ಕಳದಲ್ಲಿ ಹಿಡಿದು ಎಳೆಯುತ್ತಾರೆ. ಕಡ್ಡಿ ಉದ್ದವಾಗುತ್ತದೆ, ಸಣ್ಣಗಾಗುತ್ತದೆ. ಕಾಯಿಸಿ ಮೆತ್ತಗೆ ಮಾಡಿ ಮತ್ತೆ ಮುಂದಿನ ತೂತು. ಮನೆಯಲ್ಲಿ ಶಾವಿಗೆ ಹೊಸೆಯುವುದನ್ನು ನೋಡಿದವರಿಗೆ ಇಷ್ಟು ಹೇಳುವುದೂ ಬೇಡ. ಎಳೆದಷ್ಟೂ ಎಳೆ ಸಣ್ಣ.

ತಂತಿಯ ಗೇಜ್ ನಂಬರ್ ಹುಟ್ಟಿದ್ದು ಹೀಗೆ, ಎಷ್ಟು ಸಲ ಎಳೆದರು ಅನ್ನುವ ಎಣಿಕೆಯಿಂದ. ಅದು ಅಳತೆಯಲ್ಲ, ಸರದಿ. 22 ಅಂದರೆ 18ಕ್ಕಿಂತ ಇನ್ನೂ ನಾಲ್ಕು ಮೆಟ್ಟಿಲು ಕೆಳಗೆ ಇಳಿದ ತಂತಿ. ತಗಡಿಗೂ ಇದೇ ನಿಯಮ. 22 ಗೇಜಿನ ಬೀರು 18ರದ್ದಕ್ಕಿಂತ ಗಟ್ಟಿ ಅಂತ ಮಾರುವವರನ್ನು ನಾನೇ ನೋಡಿದ್ದೇನೆ.

ಇನ್ನೊಂದು ತೊಡಕಿದೆ. ಒಬ್ಬೊಬ್ಬರದು ಒಂದೊಂದು ಪಟ್ಟಿ. ಬ್ರಿಟಿಷರ ಸ್ಟ್ಯಾಂಡರ್ಡ್ ವೈರ್ ಗೇಜ್ ಕಾಯಂ ಆದದ್ದು 1884ರಲ್ಲಿ. ಅಮೆರಿಕದವರು 1857ರಲ್ಲೇ ತಮ್ಮದೇ ಗೇಜ್ ಮಾಡಿಕೊಂಡಿದ್ದರು. ಬ್ರಿಟಿಷ್ 10 ಗೇಜ್ ತಂತಿಯ ಅಡ್ಡ ಅಳತೆ 3.25 ಮಿಲಿಮೀಟರ್. ಅಮೆರಿಕದ 10 ಗೇಜ್ ಬರೀ 2.59. ನಂಬರ್ ಒಂದೇ, ತಾಮ್ರ ಬೇರೆ. ಅಳಿಯ ಹೇಳಿದ್ದು ಅಮೆರಿಕದ ಲೆಕ್ಕ. ಅಲ್ಲಿನ ಕರೆಂಟ್ ಡ್ರೈಯರ್ 240 ವೋಲ್ಟಿನಲ್ಲಿ 5,000 ವಾಟಿನ ಆಸುಪಾಸು ಎಳೆಯುತ್ತದೆ. ಅದಕ್ಕೆ 30 ಆಂಪಿಯರ್ ಲೈನು, ಅದಕ್ಕೇ ಆ 10 ಗೇಜ್. ನಮ್ಮಲ್ಲಿ ಸಿಗುವ 7 ಕೆಜಿ ಡ್ರೈಯರಿಗೆ ಸುಮಾರಾಗಿ ಅದರ ಅರ್ಧ ಸಾಕು. ಅವನ ಉತ್ತರ ಅವನ ಊರಿಗೆ ಸರಿ.

ಹಾಗಾದರೆ ನಮ್ಮ ಎಲೆಕ್ಟ್ರಿಷಿಯನ್‌ಗಳು ಹೇಳುವ 3/22, 3/20, 7/20 ಏನು? ಇವು ಭಿನ್ನರಾಶಿ ಅಲ್ಲ. ಮೊದಲ ನಂಬರ್ ಎಳೆಗಳ ಎಣಿಕೆ, ಎರಡನೆಯದು ಒಂದೊಂದು ಎಳೆಯ ಬ್ರಿಟಿಷ್ ಗೇಜ್. 7/20 ಅಂದರೆ 20 ಗೇಜಿನ ಏಳು ಎಳೆ. ತಾಮ್ರದ ವಿಸ್ತಾರ ಲೆಕ್ಕ ಹಾಕಿದರೆ 3/22 ಹತ್ತಿರ ಹತ್ತಿರ 1.2 ಸ್ಕ್ವೇರ್ ಎಂಎಂ, 3/20 ಎರಡು, 7/22 ಎರಡು ಮುಕ್ಕಾಲು, 7/20 ನಾಲ್ಕೂವರೆ. ಈಗ ಕಾಯಿಲ್ ಮೇಲೆ ಅಚ್ಚಾಗುವುದು ಸ್ಕ್ವೇರ್ ಎಂಎಂ ಮಾತ್ರ: 1, 1.5, 2.5, 4, 6. ಇಲ್ಲಿ ನಂಬರ್ ಏರಿದರೆ ತಾಮ್ರವೂ ಏರುತ್ತದೆ. ಇಷ್ಟು ಸುಲಭದ್ದು ಬಂದಮೇಲೂ ಮನೆ ವೈರಿಂಗಿಗೆ ಗೇಜ್ ಯಾಕೆ ಎಳೆದು ತರುತ್ತಾರೋ ಗೊತ್ತಿಲ್ಲ. ಮೋಟಾರ್ ವೈಂಡಿಂಗ್ ಮಾಡುವವರಿಗೆ ಗೇಜ್ ಬೇಕು. ಅವರು ಇಟ್ಟುಕೊಳ್ಳಲಿ.

ಮಾತಿನಲ್ಲಿ ‘ನಾಕು ಎಂಎಂ’ ಅಂದುಬಿಡುತ್ತೇವೆ, ಸ್ಕ್ವೇರ್ ಬಾಯಿಗೆ ಬರುವುದಿಲ್ಲ. ಅದು ನಡೆಯುತ್ತದೆ, ಸ್ಕೇಲ್ ತಂದು ಅಳೆಯದಿದ್ದರೆ ಆಯಿತು. ಒಬ್ಬರು ಅಳೆದರು. ‘ನಾಕು ಎಂಎಂ ಅಂದ್ರಿ, ಒಳಗಿನ ತಾಮ್ರ ಮೂರೂ ಇಲ್ಲ’ ಅಂತ ಜಗಳಕ್ಕೇ ಬಂದರು. ಅದು ಅಡ್ಡ ಅಳತೆಯಲ್ಲ, ಕತ್ತರಿಸಿದ ಮುಖದ ವಿಸ್ತಾರ ಅಂತ ತಿಳಿಸುವುದರಲ್ಲಿ ಒಂದು ಚಹಾ ಮುಗಿಯಿತು.

ಡ್ರೈಯರ್ ವಿಷಯ ಈಗ ಬೇಗ ಮುಗಿಯುತ್ತದೆ. 2,500 ವಾಟ್ ಅನ್ನು 230 ವೋಲ್ಟಿನಿಂದ ಭಾಗಿಸಿ, ಸುಮಾರು 11 ಆಂಪಿಯರ್. ಬೋರ್ಡಿನಿಂದ ಡ್ರೈಯರ್ 20 ಮೀಟರ್ ದೂರ ಇದೆ ಅಂತಿಟ್ಟುಕೊಳ್ಳಿ. ಲೈಟಿನ 1 ಸ್ಕ್ವೇರ್ ಎಂಎಂ ವೈರಿನಲ್ಲೇ ಓಡಿಸಿದರೆ ಹತ್ತಿರ ಹತ್ತಿರ 90 ವಾಟ್ ಶಾಖ ಗೋಡೆಯೊಳಗಿನ ಪೈಪಿನಲ್ಲೇ ಹುಟ್ಟುತ್ತದೆ. ಡ್ರೈಯರ್ ಓಡುವಷ್ಟು ಹೊತ್ತೂ ಒಂದು ಹಳೇ ಬುರುಡೆ ದೀಪ ಪೈಪಿನಲ್ಲಿ ಉರಿದಂತೆ. 2.5ರಲ್ಲಿ ಇದು 40ರ ಒಳಗೆ, 4ರಲ್ಲಿ 25ರ ಒಳಗೆ. ಸಾಮಾನ್ಯ ಪಿವಿಸಿ ವೈರಿನ ತಾಮ್ರ 70 ಡಿಗ್ರಿ ದಾಟಬಾರದು. ತಂಪಿನ ಊರಿನಲ್ಲಿ 25ರಿಂದ ಶುರುವಾದರೆ ಕಾಯಲು 45 ಡಿಗ್ರಿ ಜಾಗ ಇರುತ್ತದೆ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಗಾಳಿಯೇ 40 ದಾಟಿರುತ್ತದೆ, ಮಾಳಿಗೆಯ ಸ್ಲ್ಯಾಬಿನೊಳಗಿನ ಪೈಪ್ ಇನ್ನೂ ಜಾಸ್ತಿ. ಹಾಗಾಗಿ ಪುಸ್ತಕದ ಪ್ರಕಾರ 2.5 ಸಾಕು, ನಾನು ಮಾತ್ರ 4 ಹಾಕಿಸುತ್ತೇನೆ. ಡ್ರೈಯರಿಗೇ ಬೇರೆ ಲೈನು, 16 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್), 16 ಆಂಪಿಯರ್ ಸಾಕೆಟ್, ಜೊತೆಗೆ ನಿಜವಾದ ಅರ್ಥಿಂಗ್. ದಪ್ಪ ಪಿನ್ನಿನ ತೂತು ಖಾಲಿ ಬಿಡುವವರ ಬಗ್ಗೆ ಇನ್ನೊಂದು ಸಲ ಬರೆಯುತ್ತೇನೆ. ಲೈಟಿನ ಲೈನಿಗೆ ಸಾಕೆಟ್ ಮಾತ್ರ ದೊಡ್ಡದು ಕೂರಿಸಿ, ಎಂಸಿಬಿ ಬಿದ್ದರೆ 32ರದ್ದು ತಂದು ಹಾಕುವವರೂ ಇದ್ದಾರೆ. ಎಂಸಿಬಿ ಇರುವುದು ವೈರ್ ಕಾಯಲಿಕ್ಕೆ, ಡ್ರೈಯರ್ ಕಾಯಲಿಕ್ಕಲ್ಲ.

ಇಷ್ಟನ್ನೂ ಕೌಂಟರ್ ಮುಂದೆ ನಿಂತು ಹಿರಿಯರಿಗೆ ಹೇಳಿದೆ. ಹುಡುಗ 22ರ ಕಾಯಿಲ್ ವಾಪಸ್ ಒಳಗಿಟ್ಟ. ಅವರು ಸಮಾಧಾನವಾಗಿ ಕೇಳಿಕೊಂಡು, ‘ನಮ್ಮ ಎಲೆಕ್ಟ್ರಿಷಿಯನ್ನೂ 7/20 ಅಂತಾನೇ ಅಂದಿದ್ದ. ಡ್ರೈಯರ್ 7 ಕೆಜೀದಲ್ವಾ, ಅದಕ್ಕೆ 7’ ಅಂದರು.

ನಾಲ್ಕೂವರೆ ಸ್ಕ್ವೇರ್ ಎಂಎಂ. ನಾನು ಸುಮ್ನೆ ಹೂಂ ಅಂದೆ.