ಆ ನೊರೆ ಕೊಳೆಯದ್ದಲ್ಲ, ಕಲ್ಲಿನದು

ನೆಲ ಪಾಲಿಶ್ ಮಾಡಲು ಕರೆದವರ ಮನೆಯಲ್ಲಿ ನಾನು ಮೊದಲು ಕೇಳುವುದು, "ಆಸಿಡ್ ಹಾಕಿದ್ರಾ?" ಬರುವ ಉತ್ತರ: "ಸ್ವಲ್ಪ, ನೀರು ಬೆರೆಸಿ."

ಬೋರ್‌ವೆಲ್ ನೀರಿನಿಂದ ನಲ್ಲಿಗೆ ಕಟ್ಟುವ ಬಿಳಿ ಪದರ ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನಲ್ಲಿರುವ ವಸ್ತುವೇ. ಬಚ್ಚಲುಮನೆಯ ಆಸಿಡ್ ಬಿದ್ದರೆ ಬುರುಬುರು ನೊರೆ ಎದ್ದು ಕರಗುತ್ತದೆ. ಅದನ್ನು ಕಂಡವರು ಅದೇ ಬಾಟಲಿ ಹಿಡಿದು ಹಾಲ್‌ಗೆ ಬರುತ್ತಾರೆ. ಅಲ್ಲಿರುವ ಮಾರ್ಬಲ್ ಕೂಡ ಕ್ಯಾಲ್ಸಿಯಂ ಕಾರ್ಬೊನೇಟೇ! ಕಲೆ ಯಾವುದು, ನೆಲ ಯಾವುದು ಎಂದು ಆಸಿಡ್‌ಗೆ ಗೊತ್ತಾಗುವುದಿಲ್ಲ.

ಒಬ್ಬ ನಿವೃತ್ತ ಮೇಷ್ಟ್ರು, ಬಹಳ ಒಳ್ಳೆಯವರು, ಗೃಹಪ್ರವೇಶಕ್ಕೆ ಮುಂಚೆ ದೇವರಮನೆ ತೊಳೆದಿದ್ದರು. "ಎಷ್ಟು ಕೊಳೆ ಇತ್ತು ನೋಡಿ, ಉಜ್ಜಿದಷ್ಟೂ ನೊರೆ ಬರ್ತಾನೇ ಇತ್ತು" ಎಂದರು. ಬರದೆ ಏನು ಮಾಡೀತು ಸಾರ್? ಕಲ್ಲು ಇರುವವರೆಗೂ ಬರುತ್ತದೆ. ಆ ಗುಳ್ಳೆಗಳು ಕಾರ್ಬನ್ ಡೈಆಕ್ಸೈಡ್. ಲೆಕ್ಕ ಬೇಕೆಂದರೆ, ಬಾಟಲಿಯ ಆಸಿಡ್‌ನಲ್ಲಿರುವ ಹೈಡ್ರೋಜನ್ ಕ್ಲೋರೈಡ್ 73 ಗ್ರಾಂ ಆದರೆ ಅದು 100 ಗ್ರಾಂ ಕಲ್ಲನ್ನು ತಿನ್ನುತ್ತದೆ, 44 ಗ್ರಾಂ ಅನಿಲವಾಗಿ ಹೋಗುತ್ತದೆ. ಉಳಿದದ್ದು ನೀರಲ್ಲಿ ಕರಗುವ ಕ್ಯಾಲ್ಸಿಯಂ ಕ್ಲೋರೈಡ್, ಅದನ್ನು ನೀವೇ ಬಟ್ಟೆಯಲ್ಲಿ ಒರೆಸಿ ಚರಂಡಿಗೆ ಬಿಡುತ್ತೀರಿ. ನೀರು ಬೆರೆಸಿದರೆ ವೇಗ ಕಡಿಮೆಯಾಗುತ್ತದೆ, ಅಷ್ಟೇ. ಹಾಕಿದ ಆಸಿಡ್ ಅಷ್ಟೇ ಇದ್ದರೆ, ಕಾಲ ಕೊಟ್ಟರೆ, ತಿನ್ನುವ ಕಲ್ಲೂ ಅಷ್ಟೇ.

ಗ್ರಾನೈಟ್‌ಗೆ ಈ ಕಾಟವಿಲ್ಲ, ಅದರಲ್ಲಿರುವುದು ಮುಖ್ಯವಾಗಿ ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್. ಆದರೆ ಶಹಾಬಾದ್, ಕಡಪ, ಕೋಟಾ ಎಲ್ಲವೂ ಸುಣ್ಣದ ಕಲ್ಲುಗಳೇ. ಅಡುಗೆಮನೆಯ ಕಪ್ಪು ಕಡಪ ಕಲ್ಲನ್ನು ಗ್ರಾನೈಟ್ ಎಂದುಕೊಂಡು ಅದರ ಮೇಲೆ ಹುಣಸೆಹಣ್ಣು, ನಿಂಬೆಹಣ್ಣು ಹಿಂಡುವವರು ಜಾಸ್ತಿ. ಅಲ್ಲಿ ಮೂಡುವ ಮಂಕು ಗುರುತು ಕಲೆಯಲ್ಲ, ಹೊಳಪೇ ಹೋದ ಜಾಗ. ಉಜ್ಜಿದರೆ ಹೋಗದು, ಮತ್ತೆ ಪಾಲಿಶ್ ಹಿಡಿಯಬೇಕು. ಟೈಲ್ಸ್ ಹಾಕಿದವರೂ ನೆಮ್ಮದಿಯಾಗಿರುವಂತಿಲ್ಲ, ಸಂದಿನ ಸಿಮೆಂಟ್ ಕೊರೆದುಹೋಗುತ್ತದೆ.

ನಿಮ್ಮದು ಯಾವ ಕಲ್ಲು ಎಂದು ಅನುಮಾನವಿದ್ದರೆ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಟ್ಟು, ಹತ್ತು ನಿಮಿಷ ಬಿಟ್ಟು ಒರೆಸಿ ನೋಡಿ. ಹೊಳಪು ಹೋದರೆ ಕಾರ್ಬೊನೇಟ್. ಗುಳ್ಳೆ ಬರಲಿಲ್ಲ ಎಂದು ಮಾತ್ರ ನಂಬಬೇಡಿ, ಡಾಲಮೈಟ್ (ಮೆಗ್ನೀಷಿಯಂ ಕೂಡ ಇರುವ ಕಾರ್ಬೊನೇಟ್ ಖನಿಜ) ಇರುವ ಮಾರ್ಬಲ್‌ನಲ್ಲಿ ಅದು ಕಣ್ಣಿಗೆ ಕಾಣದಷ್ಟು ನಿಧಾನ. ಆಸಿಡ್ ಬಿದ್ದೇಹೋಗಿದ್ದರೆ ಮೊದಲು ಜಾಸ್ತಿ ನೀರು ಸುರಿದು, ಮೇಲೆ ಅಡುಗೆ ಸೋಡಾ ಉದುರಿಸಿ. ಬ್ಲೀಚಿಂಗ್ ಪೌಡರ್ ಮಾತ್ರ ಹತ್ತಿರ ತರಬೇಡಿ, ಕ್ಲೋರಿನ್ ಅನಿಲ ಬರುತ್ತದೆ.