ಸಾಲು ಸಿಕ್ಕಿತು ಸರಿ, ಪುಟ ನೋಡಿದಿರಾ?

‘ಕಾಯಕವೇ ಕೈಲಾಸ’ ಯಾರ ಮಾತು? ಎಂ.ಎ. ತರಗತಿಯಲ್ಲಿ ಕೇಳಿದರೆ ಹೆಚ್ಚಿನವರು ಬಸವಣ್ಣ ಅನ್ನುತ್ತಾರೆ. ಆಗ ನಾನು ಉತ್ತರ ಹೇಳುವುದಿಲ್ಲ. ಟ್ಯಾಬ್ಲೆಟ್ ಇದ್ದವರು ಅದರಲ್ಲಿ, ಇಲ್ಲದವರು ಫೋನಿನಲ್ಲಿ ‘ವಚನ ಸಂಚಯ’ ಜಾಲತಾಣ ತೆರೆದು ಹುಡುಕಿ ಅನ್ನುತ್ತೇನೆ. 20,000ಕ್ಕೂ ಜಾಸ್ತಿ ವಚನಗಳು ಅಲ್ಲಿವೆ. ಸ್ವಲ್ಪ ಹೊತ್ತಿಗೆ ಆಯ್ದಕ್ಕಿ ಮಾರಯ್ಯನ ವಚನ ಸಿಗುತ್ತದೆ, ‘ಅಮರೇಶ್ವರಲಿಂಗ’ ಎಂಬ ಅಂಕಿತದ ಜೊತೆಗೆ. ಕಾಯಕದಲ್ಲಿ ಮುಳುಗಿದವನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕು ಅನ್ನುತ್ತದೆ ಆ ವಚನ. ಗೋಡೆಗಳ ಮೇಲೆ ಓದಿ ಓದಿ ಸವೆದುಹೋದ ಮಾತು ಒಮ್ಮೆಲೇ ಹರಿತವಾಗಿ ಕೇಳಿಸುತ್ತದೆ.

ಕೆಲವರಿಗೆ ಮಾತ್ರ ಏನೂ ಸಿಗುವುದಿಲ್ಲ. ಅವರು ‘ಕಾಯಕವೇ’ ಎಂದು ದೀರ್ಘ ಹಾಕಿರುತ್ತಾರೆ, ವಚನದಲ್ಲಿ ‘ಕಾಯಕವೆ’ ಇರುತ್ತದೆ. ಯಂತ್ರ ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡುತ್ತದೆ, ಅಷ್ಟೆ. ಹಾಗಾಗಿ ಪ್ರತ್ಯಯ ಬಿಟ್ಟು, ಪದದ ಮೊದಲ ಭಾಗವನ್ನಷ್ಟೇ ಕೊಟ್ಟು ಹುಡುಕುವುದನ್ನು ಮೊದಲು ಕಲಿಸುತ್ತೇನೆ. ‘ಸಿಗಲಿಲ್ಲ’ ಅನ್ನುವುದಕ್ಕೂ ‘ಇಲ್ಲ’ ಅನ್ನುವುದಕ್ಕೂ ಇರುವ ದೂರ ಸಂಶೋಧನೆಯಲ್ಲಿ ತುಂಬಾ ದೊಡ್ಡದು. ಒಂದು ಪದ ಒಬ್ಬ ಕವಿಯಲ್ಲಿ ಬಳಕೆಯಾಗಿಯೇ ಇಲ್ಲ ಎಂದು ಪ್ರಬಂಧದಲ್ಲಿ ಬರೆಯುವ ಮುಂಚೆ ಎಷ್ಟು ರೂಪಗಳಲ್ಲಿ ಹುಡುಕಿದೆ ಎಂದು ಕೇಳಿಕೊಳ್ಳಬೇಕು, ಅಲ್ವಾ?

ಹಳಗನ್ನಡಕ್ಕೆ ಬಂದರೆ ಕಷ್ಟ ಇನ್ನೂ ಜಾಸ್ತಿ. ಬಾೞ್ ಎಂದರೆ ಬದುಕು, ಬಾಳ್ ಎಂದರೆ ಕತ್ತಿ. ಅಱಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು. ಱ, ೞ ಎರಡೂ ಯೂನಿಕೋಡ್‌ನಲ್ಲಿ ಇವೆ. ಆದರೂ ಟೈಪ್ ಮಾಡುವವರು ಅನುಕೂಲಕ್ಕೆ ರ, ಳ ಹಾಕಿಬಿಡುತ್ತಾರೆ. ಸ್ಕ್ಯಾನ್ ಮಾಡಿದ ಪುಟದಿಂದ ಅಕ್ಷರ ಗುರುತಿಸುವ ತಂತ್ರಾಂಶಗಳು ಈ ಎರಡು ಅಕ್ಷರಗಳಲ್ಲಿ ಎಡವುತ್ತವೆ. ಒತ್ತಕ್ಷರ, ಅರ್ಕಾವೊತ್ತುಗಳಲ್ಲೂ ಅದೇ ಪಾಡು. ಆಮೇಲೆ ಪರದೆಯ ಮೇಲೆ ಬದುಕು ಯಾವುದು, ಕತ್ತಿ ಯಾವುದು ಎಂದು ಪದ ನೋಡಿ ಹೇಳುವುದಕ್ಕೆ ಆಗುವುದಿಲ್ಲ.

ಇದಕ್ಕೆ ಟ್ಯಾಬ್ಲೆಟ್ಟಿನಲ್ಲೇ ಒಳ್ಳೆಯ ಉಪಾಯವಿದೆ. ಪರದೆಯನ್ನು ಎರಡು ಭಾಗ ಮಾಡಿ. ಒಂದು ಕಡೆ ಹುಡುಕಲು ಬರುವ ಟೈಪ್ ಪಠ್ಯ, ಇನ್ನೊಂದು ಕಡೆ ಅಚ್ಚಾದ ಪುಸ್ತಕದ ಸ್ಕ್ಯಾನ್ ಪುಟ. ಇಂಟರ್ನೆಟ್ ಆರ್ಕೈವ್‌ನಲ್ಲಿ ಕನ್ನಡದ ಹಳೆಯ ಪುಸ್ತಕಗಳು ಬೇಕಾದಷ್ಟಿವೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕ ಶಾಸನ ಸಂಪುಟಗಳು, 1894ರ ಕಿಟ್ಟೆಲ್ ನಿಘಂಟು ಎಲ್ಲ ಅಲ್ಲೇ ಸಿಗುತ್ತವೆ. ಎಡಗಡೆ ಹುಡುಕಿ, ಬಲಗಡೆ ಖಾತ್ರಿ ಮಾಡಿಕೊಳ್ಳಿ. ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಪಾಠಾಂತರಗಳು ಇರುತ್ತವೆ. ಯಾವ ಓಲೆಪ್ರತಿಯಲ್ಲಿ ಯಾವ ಪಾಠ ಎಂದು ಸಂಪಾದಕರು ವರ್ಷಗಟ್ಟಲೆ ಕೂತು ಹೋಲಿಸಿ ಕೊಟ್ಟದ್ದು ಅದು. ಟೈಪ್ ಪಠ್ಯದಲ್ಲಿ ಮೊದಲು ಉದುರಿಹೋಗುವುದೂ ಅದೇ. ನನಗೆ ನಿಜಕ್ಕೂ ಸಂಕಟವಾಗುವುದು ಇಲ್ಲಿ. ಪಾಠಾಂತರ ಕಾಣದೆ ಓದಿದವರಿಗೆ ಪಂಪ ಬರೆದದ್ದು ಒಂದೇ ರೂಪದಲ್ಲಿ ನಮ್ಮವರೆಗೆ ಬಂದಿದೆ ಅನ್ನಿಸಿಬಿಡುತ್ತದೆ.

ಇ-ರೀಡರ್ ಬಗ್ಗೆ ಕೇಳುವವರು ಬಹಳ. ಕಾದಂಬರಿ ಓದುವುದಕ್ಕೆ ಚೆನ್ನ, ಕಣ್ಣಿಗೆ ಹಿತ. ಆದರೆ ಆರಿಂಚಿನ ಪರದೆಯಲ್ಲಿ ಸ್ಕ್ಯಾನ್ ಪಿಡಿಎಫ್ ಓದುವುದು ಹಿಂಸೆ. ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯಾಚೆ ಹೋಗುತ್ತದೆ. ಕಿಂಡಲ್ 2016ರಲ್ಲಿ ಐದು ಭಾರತೀಯ ಭಾಷೆಗಳ ಪುಸ್ತಕಗಳನ್ನು ತಂದಾಗ ಆ ಐದರಲ್ಲಿ ಕನ್ನಡ ಇರಲಿಲ್ಲ. ನಮ್ಮ ಕೆಲಸಕ್ಕೆ ಹತ್ತಿಂಚಿನ ಸಾಧಾರಣ ಟ್ಯಾಬ್ಲೆಟ್ಟೇ ವಾಸಿ.

ಅದರ ಜೊತೆ ಬರೆಯುವ ಪೆನ್ ಇದ್ದರಂತೂ ಛಂದಸ್ಸಿನ ಪಾಠ ಬೇರೆಯೇ ಆಗುತ್ತದೆ. ಕುಮಾರವ್ಯಾಸನ ಒಂದು ಪದ್ಯವನ್ನು ಪರದೆಯ ಮೇಲೆ ಹಾಕಿ, ಗಮಕಿಯೊಬ್ಬರ ವಾಚನ ಕೇಳಿಸಿ. ಕೇಳುತ್ತಲೇ ಅಕ್ಷರದ ಮೇಲೆ ಲಘು ಗುರು ಗುರುತು ಹಾಕಲಿ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು. ಭಾಮಿನಿ ಷಟ್ಪದಿಯ ನಡೆ ಕಿವಿಗೆ ಹತ್ತಿದ ಮೇಲೆ ಪ್ರಸ್ತಾರ ಹಾಕುವುದು ಲೆಕ್ಕ ಅನ್ನಿಸುವುದಿಲ್ಲ. ತಪ್ಪಿದರೆ ಅಳಿಸಿ ಮತ್ತೆ ಹಾಕಬಹುದು. ಕಪ್ಪುಹಲಗೆಯ ಮುಂದೆ ನಿಲ್ಲಲು ಅಂಜುವ ಹುಡುಗಿಯೂ ಇಲ್ಲಿ ಧೈರ್ಯವಾಗಿ ಕೈ ಹಾಕುತ್ತಾಳೆ.

ಎಲ್ಲರ ಹತ್ತಿರ ಟ್ಯಾಬ್ಲೆಟ್ ಇರುವುದಿಲ್ಲ, ಊರಿಗೆ ಹೋದರೆ ನೆಟ್‌ವರ್ಕೂ ಇರುವುದಿಲ್ಲ. ನಾಲ್ವರಿಗೆ ಒಂದು ಸಾಕು, ಪಠ್ಯವನ್ನು ಮೊದಲೇ ಇಳಿಸಿಟ್ಟುಕೊಂಡಿದ್ದರೆ. ಇನ್ನೊಂದು ಮಾತು. ಅಡಿಟಿಪ್ಪಣಿಯಲ್ಲಿ ಪಿಡಿಎಫ್ ತೋರಿಸುವ ಪುಟಸಂಖ್ಯೆ ಹಾಕಬೇಡಿ, ಪುಸ್ತಕದಲ್ಲಿ ಅಚ್ಚಾದ ಸಂಖ್ಯೆ ಹಾಕಿ. ಮುನ್ನುಡಿಯ ಪುಟಗಳು ಸೇರಿ ಎರಡೂ ಬೇರೆ ಬೇರೆ ಆಗಿರುತ್ತವೆ. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿರುವ ಕಡತವನ್ನು ಯೂನಿಕೋಡ್‌ಗೆ ತಿರುಗಿಸಿದ ಮೇಲೆ ಸುಮ್ನೆ ನಂಬದೆ ಒಂದು ಸಲ ಪೂರ್ತಿ ಓದಿ.

ಪುಸ್ತಕಗಳನ್ನು ಡಿಜಿಟಲ್ ಮಾಡುತ್ತಿರುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಶ್ರಮದಿಂದ ನಮ್ಮ ತರಗತಿ ನಡೆಯುತ್ತಿದೆ. ಶೀರ್ಷಿಕೆ ಪುಟ ಬಿಡಬೇಡಿ. ಸಂಪಾದಕರ ಹೆಸರು, ಮುದ್ರಣದ ವರ್ಷ, ಪ್ರಸ್ತಾವನೆ ಎಲ್ಲ ಇರಲಿ. ಱ, ೞ ಇದ್ದ ಹಾಗೇ ಇರಲಿ. ಪುಟದ ಅಡಿಯ ಪಾಠಾಂತರಗಳನ್ನು ಟೈಪ್ ಮಾಡಲು ಆಗದಿದ್ದರೆ, ಪುಟದ ಚಿತ್ರವನ್ನಾದರೂ ಪಠ್ಯದ ಪಕ್ಕದಲ್ಲಿ ಸೇರಿಸಿ ಕೊಡಿ.